ಕೆಂಪು ಶಾಯಿ ಹೇಳದ ವ್ಯಾಕರಣ

ಇಂಗ್ಲಿಷ್ ಕಲಿಸುವ ಗೈಡುಗಳಲ್ಲಿ ‘ಸಾಮಾನ್ಯ ತಪ್ಪುಗಳು’ ಎಂಬ ಪಟ್ಟಿಗೆ ಸಲ್ಲುವ ಮರ್ಯಾದೆ ಬೇರೆ ಯಾವ ಅಧ್ಯಾಯಕ್ಕೂ ಸಲ್ಲುವುದಿಲ್ಲ. ‘ಮ್ಯಾರೀಡ್ ವಿತ್’ ತಪ್ಪು, ‘ಮ್ಯಾರೀಡ್ ಟು’ ಸರಿ ಎಂಬ ಸಾಲು ಇಂಥ ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಸಾಲು ಸುಳ್ಳಲ್ಲ. ಆದರೆ ತಪ್ಪು ಎಲ್ಲಿ ಹುಟ್ಟಿತೆಂದು ಹೇಳದ ತಿದ್ದುಪಡಿ ಪಾಠವಾಗಲಾರದು. ಮಗು ಅದನ್ನು ಉರು ಹೊಡೆಯುತ್ತದೆ, ಪರೀಕ್ಷೆಯಲ್ಲಿ ಬರೆಯುತ್ತದೆ, ಮಾತಿಗೆ ನಿಂತಾಗ ಮತ್ತೆ ‘ವಿತ್’ ಎನ್ನುತ್ತದೆ. ಈ ಪಟ್ಟಿಗಳ ಕೀರ್ತಿ ಅವುಗಳ ಯೋಗ್ಯತೆಗಿಂತ ಬಹಳ ದೊಡ್ಡದು.

ಮದುವೆಯ ಮಾತನ್ನು ಕನ್ನಡ ಮೂರು ಬಗೆಯಲ್ಲಿ ಕಟ್ಟುತ್ತದೆ: ‘ಅವನನ್ನು ಮದುವೆಯಾದಳು’, ‘ಅವನ ಜೊತೆ ಮದುವೆಯಾಯಿತು’, ‘ಅವನಿಗೆ ಕೊಟ್ಟು ಮದುವೆ ಮಾಡಿದರು’. ಮೊದಲನೆಯದು ಇಂಗ್ಲಿಷಿನ ‘ಷಿ ಮ್ಯಾರೀಡ್ ಹಿಮ್’ ಎಂಬುದಕ್ಕೆ ನೇರ ಜೋಡಿ. ದ್ವಿತೀಯಾ ವಿಭಕ್ತಿ ಇದ್ದಲ್ಲಿ ಪ್ರಿಪೊಸಿಷನ್ನೇ ಬೇಡ. ಎರಡನೆಯದರ ‘ಜೊತೆ’ಯೇ ‘ವಿತ್’ ಆಗಿ ಇಳಿದು ಕೆಂಪು ಶಾಯಿಗೆ ಸಿಕ್ಕಿಬೀಳುತ್ತದೆ. ಮೂರನೆಯದರಲ್ಲಿ ‘ಟು’ ಆಗಲೇ ಕೂತಿದೆ. ಸಂತೆಮರಹಳ್ಳಿ ಕಡೆಯ ಮಾತಿನಲ್ಲಿ ‘ಹೆಣ್ಣ ಗುಂಡ್ಲುಪೇಟೆಗೆ ಕೊಟ್ಟವ್ರೆ’ ಎನ್ನುವಾಗ ಬರುವುದೂ ಅದೇ ಚತುರ್ಥಿ. ಸರಿಯಾದ ರೂಪಕ್ಕೆ ಬೇಕಾದ ಅರಿವು ಮಗುವಿನ ಬಾಯಲ್ಲೇ ಇದೆ. ಪಟ್ಟಿ ಅದನ್ನು ಮುಟ್ಟುವುದೇ ಇಲ್ಲ. ಇಲ್ಲಿ ಎರಡು ಎಚ್ಚರಿಕೆಗಳೂ ಬೇಕು. ಕನ್ನಡದಲ್ಲಿ ‘ಕೊಡುವುದು’ ವಾಡಿಕೆಯಲ್ಲಿ ಹೆಣ್ಣನ್ನು ಮಾತ್ರ. ಇಂಗ್ಲಿಷಿನ ‘ಟು’ ಗಂಡು ಹೆಣ್ಣು ಇಬ್ಬರಿಗೂ ಸಮನಾಗಿ ಸಲ್ಲುತ್ತದೆ. ಆದ್ದರಿಂದ ‘ಟು’ ಎಂದರೆ ಕನ್ಯಾದಾನದ ವಾಸನೆ, ‘ವಿತ್’ ಎಂದರೆ ಸಮಾನತೆ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಇನ್ನೊಂದು, ಕನ್ನಡದಲ್ಲಿ ಊರಿಗೂ ಹೆಣ್ಣು ಕೊಡಬಹುದು, ಇಂಗ್ಲಿಷಿನಲ್ಲಿ ‘ಮ್ಯಾರೀಡ್ ಟು ಗುಂಡ್ಲುಪೇಟೆ’ ಆಗದು. ಅಲ್ಲಿನ ಮನೆತನಕ್ಕೆ ಸೇರಿದಳೆನ್ನಲು ‘ಮ್ಯಾರೀಡ್ ಇನ್‌ಟು’ ಬೇಕು. ಉಳಿದ ಪ್ರಿಪೊಸಿಷನ್‌ಗಳ ಕಥೆಯೂ ಇದೇ. ‘ಮದುವೆಗೆ ಕರೆದರು’, ‘ಮದುವೆಗೆ ಸೀರೆ ತಂದರು’ ಎರಡಕ್ಕೂ ಒಂದೇ ‘ಗೆ’. ಇಂಗ್ಲಿಷಿನಲ್ಲಿ ಮೊದಲನೆಯದು ‘ಟು’, ಎರಡನೆಯದು ‘ಫಾರ್’. ‘ಮದುವೆಯಲ್ಲಿ ಸಿಕ್ಕರು’ ಎಂಬಲ್ಲಿ ಮದುವೆ ಒಂದು ಸಂದರ್ಭ, ಹಾಗಾಗಿ ‘ಅಟ್’.

ಪಟ್ಟಿಯ ದೊಡ್ಡ ದೋಷ ಅದರ ಅತ್ಯುತ್ಸಾಹ. ಲಗ್ನಪತ್ರಿಕೆಯ ಇಂಗ್ಲಿಷ್ ಪುಟದಲ್ಲಿ ‘ಮ್ಯಾರೇಜ್ ಆಫ್’ ಎಂದು ವಧುವಿನ ಹೆಸರು, ‘ವಿತ್’ ಎಂದು ವರನ ಹೆಸರು ಅಚ್ಚಾಗಿದ್ದರೆ, ನಿಯಮ ಉರು ಹೊಡೆದವರು ಅದನ್ನೂ ತಪ್ಪೆನ್ನುತ್ತಾರೆ. ಅದು ತಪ್ಪಲ್ಲ. ‘ಮ್ಯಾರೀಡ್’ ಎಂಬ ರೂಪಕ್ಕೆ ಹಾಕಿದ ಕಟ್ಟು ‘ಮ್ಯಾರೇಜ್’ ಎಂಬ ನಾಮಪದಕ್ಕೆ ಅನ್ವಯಿಸುವುದಿಲ್ಲ. ತೀರಿಹೋದ ಹೆಂಡತಿಯ ತಂಗಿಯನ್ನು ಮದುವೆಯಾಗಬಹುದೇ ಎಂದು ಬ್ರಿಟಿಷ್ ಪಾರ್ಲಿಮೆಂಟು ದಶಕಗಳ ಕಾಲ ಚರ್ಚಿಸಿ 1907ರಲ್ಲಿ ಕಾಯಿದೆ ಮಾಡಿತು. ಆ ಚರ್ಚೆಯುದ್ದಕ್ಕೂ ಬಳಕೆಯಾದದ್ದು ‘ಮ್ಯಾರೇಜ್ ವಿತ್’. ಇನ್ನು ಛತ್ರದ ಕಮಾನಿನ ಮೇಲೂ ಮದುವೆ ಕಾರಿನ ಹೂವಿನ ಫಲಕದ ಮೇಲೂ ಬರೆಸುವ ‘ವೆಡ್ಸ್’ ಪ್ರಿಪೊಸಿಷನ್ ಇಲ್ಲದೆಯೇ ಕೆಲಸ ಮುಗಿಸುತ್ತದೆ. ‘ಅವನನ್ನು ಮದುವೆಯಾದಳು’ ಎಂಬ ಕನ್ನಡದ ಕಟ್ಟೇ ಅದು. ಅದನ್ನು ಹಳ್ಳಿ ಇಂಗ್ಲಿಷ್ ಎನ್ನುವವರು ವಾಕ್ಯದ ರಚನೆಯನ್ನು ನೋಡಿಲ್ಲ.

ಪಟ್ಟಿಯನ್ನು ವಿರೋಧಿಸುವ ಇನ್ನೊಂದು ಗುಂಪಿನೊಂದಿಗೂ ನನ್ನ ತಕರಾರಿದೆ. ಭಾರತೀಯ ಇಂಗ್ಲಿಷಿಗೆ ತನ್ನದೇ ಹಾದಿಯಿದೆ, ‘ಮ್ಯಾರೀಡ್ ವಿತ್’ ಇದ್ದುಕೊಳ್ಳಲಿ ಎನ್ನುವ ಇವರು, ಬ್ರಜ್ ಕಚ್ರು 1983ರಲ್ಲಿ ಬರೆದ ‘ದಿ ಇಂಡಿಯನೈಸೇಶನ್ ಆಫ್ ಇಂಗ್ಲಿಷ್’ ಪುಸ್ತಕವನ್ನೂ ಹಾಸನದ ರಾಜಾ ರಾವ್ 1938ರ ‘ಕಾಂತಾಪುರ’ಕ್ಕೆ ಬರೆದ ಮುನ್ನುಡಿಯನ್ನೂ ಸಾಕ್ಷಿಗೆ ಕರೆಯುತ್ತಾರೆ. ರಾಜಾ ರಾವ್ ಕೇಳಿದ್ದು ನಮ್ಮ ಲಯವನ್ನು ಇಂಗ್ಲಿಷಿಗೆ ತರುವ ಹಕ್ಕನ್ನು. ಆ ಭಾಷೆಯ ಮೇಲೆ ಹಿಡಿತವಿದ್ದ ಲೇಖಕ ಆರಿಸಿಕೊಂಡ ಸ್ವಾತಂತ್ರ್ಯವನ್ನು, ಆಯ್ಕೆಯೇ ಇಲ್ಲದ ವಿದ್ಯಾರ್ಥಿಯ ಮೇಲೆ ಹೊರಿಸುವುದು ಔದಾರ್ಯವಲ್ಲ. ಕೆಲಸದ ಅರ್ಜಿ ಓದುವವನು ಚಾಮರಾಜನಗರದ ಹುಡುಗಿಗೆ ರಾಜಾ ರಾವ್‌ಗೆ ಕೊಟ್ಟ ರಿಯಾಯಿತಿ ಕೊಡುವುದಿಲ್ಲ. ಅಲ್ಲದೆ ಇಲ್ಲಿ ಅರ್ಥವೂ ಕೆಡುತ್ತದೆ. ‘ಮ್ಯಾರೀಡ್ ವಿತ್ ಟೂ ಚಿಲ್ಡ್ರನ್’ ಎಂದರೆ ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ ಎಂದು. ‘ಮ್ಯಾರೀಡ್’ ಆದಮೇಲೆ ಬರುವ ‘ವಿತ್’ಗೆ ಇಂಗ್ಲಿಷಿನಲ್ಲಿ ಬೇರೆ ಕೆಲಸವಿದೆ. ಅದನ್ನು ಮುಚ್ಚಿಟ್ಟು ಬೆನ್ನು ತಟ್ಟುವವರು ಕೆಂಪು ಶಾಯಿಯವರಷ್ಟೇ ಮಗುವಿಗೆ ಅನ್ಯಾಯ ಮಾಡುತ್ತಾರೆ.

ಪಟ್ಟಿಯಿಂದ ಉಪಯೋಗವೇ ಇಲ್ಲ ಎನ್ನಲಾರೆ; ನಾಳೆ ಪರೀಕ್ಷೆ ಇರುವವನಿಗೆ ಅದು ಒಂದು ಅಂಕ ತಂದುಕೊಟ್ಟೀತು. ಕಲಿಕೆಯ ಸಾಧನವಾಗಿ ಅದು ಸೋತಿದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಮೇಷ್ಟರುಗಳಲ್ಲಿ ಒಂದು ವಿನಂತಿ: ‘ಟು’, ‘ವಿತ್’ ಎಂದು ಬೋರ್ಡಿನ ಮೇಲೆ ಬರೆಯುವ ಮೊದಲು ‘ಅವನನ್ನು’, ‘ಅವನ ಜೊತೆ’, ‘ಅವನಿಗೆ’ ಎಂಬ ಮೂರು ಕನ್ನಡ ರೂಪಗಳನ್ನು ಬರೆಯಿರಿ. ವಿಭಕ್ತಿ ತಿಳಿದ ಮಗುವಿಗೆ ಪ್ರಿಪೊಸಿಷನ್ ಕಲಿಸುವುದು ಕಷ್ಟವಲ್ಲ.