ಓಡಿದ್ದು ಕಡಿಮೆ, ಸವೆದದ್ದು ಎಷ್ಟು?

ಹಳೆಯ ವಾಹನ ಕೊಳ್ಳಲು ಹೋದವರು ಮೊದಲು ಕೇಳುವ ಪ್ರಶ್ನೆ ನಿಮಗೆ ಗೊತ್ತೇ ಇದೆ: 'ಎಷ್ಟು ಕಿಲೋಮೀಟರ್ ಓಡಿದೆ?' ಉತ್ತರ ಚಿಕ್ಕ ಸಂಖ್ಯೆಯಾದರೆ ಬೆಲೆ ಏರುತ್ತದೆ, ಕೊಳ್ಳುವವರ ಮುಖವೂ ಅರಳುತ್ತದೆ. ವಾಹನದ ಆರೋಗ್ಯವನ್ನು ಹೀಗೆ ಒಂದೇ ಸಂಖ್ಯೆಯಿಂದ ಅಳೆಯಬಹುದೇ? ಅಳೆಯಲಾಗದು ಎಂಬುದಕ್ಕೆ ರೋಟರಿ ಎಂಜಿನ್ ಒಳ್ಳೆಯ ಪಾಠ. ಆ ಎಂಜಿನ್ನಿನ ಬಗ್ಗೆ ನಮ್ಮ ತರಗತಿಗಳಲ್ಲಿ ಹೇಳುವ ಒಂದು ಮಾತನ್ನೂ ಇದೇ ನೆಪದಲ್ಲಿ ತಿದ್ದಿಕೊಳ್ಳಬಹುದು.

ಬಬಲೇಶ್ವರ ತಾಲ್ಲೂಕಿನ ನಿಡೋಣಿಯಲ್ಲಿ ನನ್ನ ಅಕ್ಕನ ಮನೆ. ಅವಳ ಮಗ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ನೌಕರಿ ಮಾಡುತ್ತಾನೆ. ಕಳೆದ ವರ್ಷ ನಾನು ನಿಡೋಣಿಯಲ್ಲಿದ್ದಾಗಲೇ ಅವನ ಫೋನು ಬಂತು. 'ಮಾಮಾ, ಒಂದು ಆರ್‌ಎಕ್ಸ್-8 ಸಿಕ್ಕೈತ್ರಿ. 2008ರದು, ಬರೇ 28 ಸಾವಿರ ಮೈಲು ಓಡೈತಿ. ಹೊಸಾದರಂಗ ಐತಿ ನೋಡ್ರಿ.' ಪಕ್ಕದಲ್ಲಿ ಕುಳಿತಿದ್ದ ಭಾವ ಕೇಳಿದರು: 'ಮೈಲು ಇರಲಿ, ಎಷ್ಟು ತಾಸು ದುಡದೈತಿ ಕೇಳು.' ಭಾವನವರದು ಟ್ರ್ಯಾಕ್ಟರಿನ ಲೆಕ್ಕ. ಟ್ರ್ಯಾಕ್ಟರಿನಲ್ಲಿ ತಾಸು ತೋರಿಸುವ ಮೀಟರ್ ಇರುತ್ತದೆ. ಹೊಲದಲ್ಲಿ ನಿಧಾನವಾಗಿ ದುಡಿಯುವ ಯಂತ್ರಕ್ಕೆ ದೂರದ ಲೆಕ್ಕ ಏನನ್ನೂ ಹೇಳುವುದಿಲ್ಲ. ಅಳಿಯ ನಕ್ಕ. ಆದರೆ ಪ್ರಶ್ನೆ ಕೇಳಿದವರಲ್ಲಿ ವಿಜ್ಞಾನಕ್ಕೆ ಹತ್ತಿರವಿದ್ದವರು ಭಾವನೇ.

ಮೊದಲು ಎಂಜಿನ್ನನ್ನು ನೋಡೋಣ. ಜರ್ಮನಿಯ ಫೆಲಿಕ್ಸ್ ವಾಂಕೆಲ್ (1902–1988) ಅವರ ಕಲ್ಪನೆಯ ಈ ಎಂಜಿನ್ 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲು ತಿರುಗಿತು. ಇದರಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ಇಲ್ಲ. ನಡು ಸ್ವಲ್ಪ ಒಳಸರಿದ ಅಂಡಾಕಾರದ ಗೂಡು; ಅದರ ಗೆರೆಗೆ ಎಪಿಟ್ರಾಕಾಯ್ಡ್ ಎಂದು ಹೆಸರು. ಒಳಗೆ ಉಬ್ಬಿದ ಬದಿಗಳ ತ್ರಿಕೋನಾಕಾರದ ರೋಟರ್. ರೋಟರ್ ತಿರುಗಿದಂತೆ ಅದರ ಮೂರು ಬದಿಗಳಿಗೂ ಗೂಡಿಗೂ ನಡುವಿನ ಜಾಗ ಹಿಗ್ಗುತ್ತ ಕುಗ್ಗುತ್ತ ಹೋಗುತ್ತದೆ. ಹೀರಿಕೆ, ಸಂಪೀಡನ, ದಹನ, ನಿಷ್ಕಾಸ ನಾಲ್ಕೂ ಅಲ್ಲೇ ನಡೆಯುತ್ತವೆ, ಕವಾಟಗಳಿಲ್ಲದೆ. ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ನಡುವಿನ ದಂಡ ಮೂರು ಸುತ್ತು ತಿರುಗಿರುತ್ತದೆ. ದಂಡ ನಿಮಿಷಕ್ಕೆ 9000 ಸುತ್ತು ತಿರುಗುವಾಗಲೂ ರೋಟರ್ ತಿರುಗುವುದು 3000 ಸುತ್ತು ಮಾತ್ರ. ಕಂಪನ ಕಡಿಮೆ, ಗಾತ್ರ ಸಣ್ಣದು, ತೂಕಕ್ಕೆ ಹೋಲಿಸಿದರೆ ಶಕ್ತಿ ಹೆಚ್ಚು. ಸುಂದರವಾದ ಯಂತ್ರ, ಅದರಲ್ಲಿ ಎರಡು ಮಾತಿಲ್ಲ.

ಈಗ ತಿದ್ದಬೇಕಾದ ಮಾತಿಗೆ ಬರೋಣ. 'ಎರಡು ರೋಟರ್, ಒಂದು ದಂಡ, ಚಲಿಸುವ ಭಾಗಗಳು ಮೂರೇ; ಆದ್ದರಿಂದ ಸವೆತ ಕಡಿಮೆ' ಎಂದು ಪುಸ್ತಕಗಳು ಹೇಳುತ್ತವೆ, ನಾವೂ ಹಲಗೆಯ ಮೇಲೆ ಬರೆಯುತ್ತೇವೆ. ಮೊದಲರ್ಧ ನಿಜಕ್ಕೆ ಹತ್ತಿರ. 'ಆದ್ದರಿಂದ' ಎಂಬುದು ಮಾತ್ರ ತಪ್ಪು. ರೋಟರಿನ ಮೂರು ಮೂಲೆಗಳಿಗೆ ಮೂರು ತುದಿಮುದ್ರೆಗಳು, ಎರಡು ಪಕ್ಕಗಳಲ್ಲಿ ಆರು ಪಕ್ಕಮುದ್ರೆಗಳು, ಅವು ಕೂಡುವಲ್ಲಿ ಆರು ಮೂಲೆಮುದ್ರೆಗಳು. ಎರಡು ರೋಟರಿಗೆ ಒಟ್ಟು ಮೂವತ್ತು, ಅವುಗಳ ಹಿಂದೆ ಪುಟ್ಟ ಸ್ಪ್ರಿಂಗುಗಳು. ಅನಿಲ ಸೋರದಂತೆ ತಡೆಯುವ ಹೊಣೆ ಇವುಗಳದೇ. ಗೂಡಿನ ಗೋಡೆಗೆ ಒತ್ತಿಕೊಂಡು ಉಜ್ಜುತ್ತ ಓಡುವ ತುದಿಮುದ್ರೆಗಳ ಹಣೆಬರಹವೇ ಎಂಜಿನ್ನಿನ ಹಣೆಬರಹ. ಭಾಗಗಳನ್ನು ಎಣಿಸಿ ಬಾಳಿಕೆಯನ್ನು ಊಹಿಸುವುದು ಮನೆಗೆ ಬಾಗಿಲು ಒಂದೇ ಇದೆ, ಆದ್ದರಿಂದ ಕಳ್ಳ ಬರಲಾರ ಎಂದಂತೆ.

ಚರಿತ್ರೆಯೂ ಇದನ್ನೇ ಹೇಳುತ್ತದೆ. ಎನ್‌ಎಸ್‌ಯು 1967ರಲ್ಲಿ ತಂದ ಆರ್‌ಒ 80 ಕಾರು ವಿನ್ಯಾಸಕ್ಕೆ ಹೆಸರಾಯಿತು; ಮುದ್ರೆಗಳು ಬೇಗ ಸವೆದು ಎಂಜಿನ್ ಬದಲಿಸಿಕೊಡುವ ವೆಚ್ಚ ಕಂಪನಿಯ ಬೆನ್ನು ಮುರಿಯಿತು. 1969ರಲ್ಲಿ ಅದು ಫೋಕ್ಸ್‌ವ್ಯಾಗನ್ ಕೈಸೇರಿತು. ಜಪಾನಿನ ಮಾಜ್ದಾದಲ್ಲಿ ಕೆನಿಚಿ ಯಮಾಮೊಟೊ ಅವರ ತಂಡವೂ ಗೂಡಿನ ಒಳಗೋಡೆಯಲ್ಲಿ ಗೀಚಿದಂತಹ ಗೆರೆಗಳನ್ನು ಕಂಡಿತು. 'ದೆವ್ವದ ಉಗುರಿನ ಗೀರು' ಎಂದು ಅವರು ಅವನ್ನು ಕರೆದರು. ಇಂಗಾಲ ಬೆರೆತ ಅಲ್ಯೂಮಿನಿಯಂ ಮುದ್ರೆ ಬಂದ ಮೇಲೆ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಹೊರಬಂತು. 1991ರಲ್ಲಿ ರೋಟರಿ ಎಂಜಿನ್ನಿನ 787ಬಿ ಲ ಮಾನ್ ಪಂದ್ಯವನ್ನೇ ಗೆದ್ದಿತು. ನನ್ನ ಅಳಿಯ ಕಣ್ಣಿಟ್ಟಿದ್ದ ಆರ್‌ಎಕ್ಸ್-8 ತಯಾರಾದದ್ದು 2003ರಿಂದ 2012ರವರೆಗೆ.

ಜಾಹೀರಾತಿನಲ್ಲಿ ಆ ಕಾರಿನ ಎಂಜಿನ್ '1.3 ಲೀಟರ್'. ಇದರಲ್ಲೂ ಒಂದು ಮರೆ ಇದೆ. 654 ಸಿ.ಸಿ.ಯ ಎರಡು ರೋಟರುಗಳಿಂದ ಬಂದ ಲೆಕ್ಕ ಅದು, ದಂಡದ ಒಂದು ಸುತ್ತಿಗೆ. ಸಾಮಾನ್ಯ ನಾಲ್ಕು ಹೊಡೆತದ ಎಂಜಿನ್ ತನ್ನ ಪೂರ್ಣ ಘನಗಾತ್ರದಷ್ಟು ಗಾಳಿಯನ್ನು ಹೀರಲು ಎರಡು ಸುತ್ತು ಬೇಕು. ಅದೇ ಅಳತೆ ಹಿಡಿದರೆ ಇದು ಸುಮಾರು 2.6 ಲೀಟರಿನ ಎಂಜಿನ್. 'ಚಿಕ್ಕ ಎಂಜಿನ್, ಇಷ್ಟೇಕೆ ಪೆಟ್ರೋಲ್ ಕುಡಿಯುತ್ತದೆ?' ಎಂಬ ದೂರಿಗೆ ಅರ್ಧ ಉತ್ತರ ಇಲ್ಲಿದೆ. ಇನ್ನರ್ಧ ದಹನದ ಕೋಣೆಯ ಆಕಾರದಲ್ಲಿದೆ: ಉದ್ದ, ಚಪ್ಪಟೆ. ಘನಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು, ಆದ್ದರಿಂದ ಗೋಡೆಗೆ ಸೋರುವ ಉಷ್ಣವೂ ಹೆಚ್ಚು, ಮೂಲೆಯಲ್ಲಿ ಸುಡದೆ ಉಳಿಯುವ ಇಂಧನವೂ ಹೆಚ್ಚು. ವಿದ್ಯಾರ್ಥಿಗಳಿಗೆ ಒಂದು ಘನವನ್ನೂ ಅಷ್ಟೇ ಗಾತ್ರದ ಒಂದು ಹಲಗೆಯನ್ನೂ ಕೊಟ್ಟು ಮೇಲ್ಮೈ ಲೆಕ್ಕ ಹಾಕಿಸಿ ನೋಡಿ.

ಇನ್ನು ಎಣ್ಣೆ. ತುದಿಮುದ್ರೆಗಳಿಗೆ ಜಾರು ಒದಗಿಸಲು ಈ ಎಂಜಿನ್ ಸ್ವಲ್ಪ ಸ್ವಲ್ಪ ಎಣ್ಣೆಯನ್ನು ಬೇಕೆಂದೇ ಒಳಗೆ ಚಿಮ್ಮಿಸಿಕೊಂಡು ಸುಡುತ್ತದೆ. ಬೇರೆ ಕಾರಿನಲ್ಲಿ ಎಣ್ಣೆ ಇಳಿದರೆ ರೋಗ. ಇದರಲ್ಲಿ ಇಳಿಯದಿದ್ದರೆ ಚಿಂತೆ. ಎರಡು ಸಲ ಪೆಟ್ರೋಲ್ ಹಾಕಿಸಿದರೆ ಒಮ್ಮೆಯಾದರೂ ಅಳತೆಕಡ್ಡಿ ಎಳೆದು ನೋಡಲೇಬೇಕು. ಹಳೆಯ ಯೆಜ್ಡಿಗೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಿ ಹಾಕಿಸಿದವರಿಗೆ ಇದು ವಿಚಿತ್ರ ಎನಿಸದು.

ಈಗ ಮತ್ತೆ 28 ಸಾವಿರ ಮೈಲಿಗೆ ಬನ್ನಿ. ಅಂದರೆ ಸುಮಾರು 45 ಸಾವಿರ ಕಿ.ಮೀ. ಹದಿನೇಳು ವರ್ಷಕ್ಕೆ ಹಂಚಿದರೆ ದಿನಕ್ಕೆ ಏಳು ಕಿ.ಮೀ. ಚಿಲ್ಲರೆ. ಈ ಸರಾಸರಿ ಎರಡು ಬೇರೆ ಬೇರೆ ಜೀವನಗಳಿಂದ ಬರಬಹುದು. ಒಬ್ಬ ಮಾಲೀಕ ತಿಂಗಳಿಗೊಮ್ಮೆ 220 ಕಿ.ಮೀ. ಸುತ್ತಿ ಬರುತ್ತಿದ್ದನೆನ್ನಿ: ಹೋಗಿ ಬರಲು ಎರಡು ಸಲದಂತೆ ವರ್ಷಕ್ಕೆ 24 ಬಾರಿ ತಣ್ಣನೆಯ ಎಂಜಿನ್ನನ್ನು ಚಾಲೂ ಮಾಡಿದಂತಾಯಿತು. ಇನ್ನೊಬ್ಬ ದಿನವೂ ಮೂರೂವರೆ ಕಿ.ಮೀ. ದೂರದ ಅಂಗಡಿಗೆ ಹೋಗಿ ಬರುತ್ತಿದ್ದ: ವರ್ಷಕ್ಕೆ 730 ಬಾರಿ. ಮೀಟರಿನಲ್ಲಿ ಇಬ್ಬರೂ ಸಮ.

ಎಂಜಿನ್ನಿನೊಳಗೆ ಸಮವಲ್ಲ. ತಣ್ಣಗಿರುವ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಬೇಕು. ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಸುಡದ ಪೆಟ್ರೋಲ್ ಗೋಡೆಯ ಎಣ್ಣೆಯ ಪದರವನ್ನು ತೊಳೆಯುತ್ತದೆ. ಎಣ್ಣೆ ಹೋದರೆ ಮುದ್ರೆಗಳ ಬಿಗಿ ಹೋಗುತ್ತದೆ, ಸಂಪೀಡನ ಕುಸಿಯುತ್ತದೆ, ಮರುದಿನ ಎಂಜಿನ್ ಏಳುವುದೇ ಇಲ್ಲ. ತೊಳೆಯಲೆಂದು ಕಾರನ್ನು ಹತ್ತು ಮಾರು ಸರಿಸಿ ಆರಿಸಿದ್ದಕ್ಕೇ ಹೀಗಾಗುವುದುಂಟು. ಸದಾ ಮೆಲ್ಲಗೆ, ಹತ್ತಿರದಲ್ಲೇ ಓಡಿಸಿದರೆ ಮಸಿ ಕಟ್ಟಿ ಮುದ್ರೆಗಳು ತಮ್ಮ ಗಾಡಿಯಲ್ಲೇ ಅಂಟಿಕೊಳ್ಳುತ್ತವೆ. ಬಳಸದೆ ನಿಲ್ಲಿಸಿದ್ದರೂ ರಬ್ಬರಿಗೆ ವಯಸ್ಸಾಗುವುದು ನಿಲ್ಲದು: ಗೂಡಿನ ನಡುವೆ ನೀರು ತಡೆಯುವ ಉಂಗುರಗಳು, ಕೊಳವೆಗಳು, ಟೈರುಗಳು. ಟೈರಿನ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿ ನೋಡಿ. 2314 ಎಂದಿದ್ದರೆ ಅದು 2014ರ 23ನೆಯ ವಾರದ್ದು, ಎಷ್ಟೇ ಹೊಸದಾಗಿ ಕಂಡರೂ.

ಹಾಗಾದರೆ ಈ ಎಂಜಿನ್ನೇ ಬೇಡವೇ? ಹಾಗಲ್ಲ. ಕೆಲಸಕ್ಕೆ ತಕ್ಕ ಯಂತ್ರ ಎಂಬುದಕ್ಕೆ ನಮ್ಮ ನಾಡಿನದೇ ಉದಾಹರಣೆ ಇದೆ. ಚಾಲಕರಹಿತ ವಿಮಾನ 'ನಿಶಾಂತ್'ಗಾಗಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಲ್ಲಿಯದೇ ಎ.ಡಿ.ಇ. ಮತ್ತು ಅಹಮದ್‌ನಗರದ ವಿ.ಆರ್.ಡಿ.ಇ. ಕೂಡಿ ವಾಂಕೆಲ್ ಎಂಜಿನ್ ಮಾಡಿದವು. ಒಂದು ರೋಟರ್, ಸುಮಾರು 30 ಕಿ.ಗ್ರಾಂ. ತೂಕ, 55 ಅಶ್ವಶಕ್ತಿ. 2009ರ ಏಪ್ರಿಲ್‌ನಲ್ಲಿ ಕೋಲಾರದ ಬಳಿ ಅದು ನಿಶಾಂತನನ್ನು ಹಾರಿಸಿತು. ಅಲ್ಯೂಮಿನಿಯಂ ಗೂಡಿನ ಒಳಗೋಡೆಗೆ ಸವೆತ ತಡೆಯುವ ನಿಕ್ಕಲ್–ಸಿಲಿಕಾನ್ ಕಾರ್ಬೈಡ್ ಲೇಪನ ಕೊಟ್ಟದ್ದು ರಾಷ್ಟ್ರೀಯ ಪ್ರಯೋಗಾಲಯದ ಕೆಲಸ. ಕಷ್ಟ ಎಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು, ನೋಡಿ. ವಿಮಾನಕ್ಕೆ ತೂಕ ಉಳಿಯಬೇಕು, ಕ್ಯಾಮೆರಾ ನಡುಗಬಾರದು. ಅದು ದಿನವೂ ಅಂಗಡಿಗೆ ಹೋಗುವುದಿಲ್ಲ.

ಅಳಿಯನಿಗೆ ನಾನು ಹೇಳಿದ್ದು ಎರಡೇ ಕೆಲಸ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ವರ್ಷಕ್ಕೊಮ್ಮೆ ಎಂಓಟಿ ಎಂಬ ತಪಾಸಣೆ ಕಡ್ಡಾಯ. ಆಯಾ ವರ್ಷದ ಮೈಲಿ ಅದರಲ್ಲಿ ದಾಖಲಾಗುತ್ತದೆ, ಯಾರು ಬೇಕಾದರೂ ನೋಡಬಹುದು. ವರ್ಷದಿಂದ ವರ್ಷಕ್ಕೆ ವ್ಯತ್ಯಾಸ ಬರೆದು ನೋಡು ಎಂದೆ. ಒಂದು ವರ್ಷ ನಲವತ್ತೇ ಮೈಲು! ಎರಡನೆಯದು ಸಂಪೀಡನದ ಅಳತೆ. ಮಾಮೂಲಿ ಮಾಪಕ ಇಲ್ಲಿ ಮೋಸ ಮಾಡುತ್ತದೆ: ಪ್ಲಗ್ಗಿನ ರಂಧ್ರದ ಮುಂದೆ ರೋಟರಿನ ಮೂರು ಬದಿಗಳೂ ಹಾದುಹೋಗುವುದರಿಂದ ಅದು ಮೂರರಲ್ಲಿ ಅತಿ ಹೆಚ್ಚಿನ ಒತ್ತಡವನ್ನು ಮಾತ್ರ ಹಿಡಿದಿಟ್ಟು ತೋರಿಸುತ್ತದೆ. ಕೆಟ್ಟ ಮುದ್ರೆ ಒಳ್ಳೆಯದರ ಹಿಂದೆ ಅಡಗುತ್ತದೆ. ಮೂರನ್ನೂ ಬೇರೆ ಬೇರೆ ಅಳೆಯುವ ರೋಟರಿ ಮಾಪಕವೇ ಬೇಕು, ಎಂಜಿನ್ ಬಿಸಿಯಾಗಿರಬೇಕು, ಓದನ್ನು ನಿಮಿಷಕ್ಕೆ 250 ಸುತ್ತಿನ ವೇಗಕ್ಕೆ ಹೊಂದಿಸಬೇಕು. ಆರ್‌ಎಕ್ಸ್-8ಗೆ ಕನಿಷ್ಠ 680 ಕಿಲೋಪ್ಯಾಸ್ಕಲ್. ಒಂದೇ ರೋಟರಿನ ಬದಿಗಳ ನಡುವೆ 150ಕ್ಕಿಂತ ಹೆಚ್ಚಿನ ಅಂತರ ಇರಬಾರದು.

28 ಸಾವಿರ ಮೈಲಿಯ ಕಾರಿನವನು ಪರೀಕ್ಷೆಗೆ ಒಪ್ಪಲಿಲ್ಲ. 'ಇಷ್ಟು ಕಡಿಮೆ ಓಡಿದ್ದಕ್ಕೆ ಪರೀಕ್ಷೆ ಯಾಕೆ?' ಎಂದನಂತೆ. ಎರಡು ತಿಂಗಳ ನಂತರ ಅಳಿಯ ಕೊಂಡದ್ದು 71 ಸಾವಿರ ಮೈಲು ಓಡಿದ ಇನ್ನೊಂದನ್ನು. ದಿನವೂ ಹೆದ್ದಾರಿಯಲ್ಲಿ ಓಡಿದ್ದು, ಎಣ್ಣೆ ಬದಲಿಸಿದ ಚೀಟಿಗಳೆಲ್ಲ ಇದ್ದವು. ಆರೂ ಓದುಗಳು 730 ಮತ್ತು 770ರ ನಡುವೆ. ಬೆಲೆ ಮೊದಲಿನದರ ಅರ್ಧಕ್ಕಿಂತ ತುಸು ಹೆಚ್ಚು. ಭಾವನಿಗೆ ಫೋನಿನಲ್ಲಿ ಮೈಲಿ ಹೇಳಿದಾಗ ಅವರು ಮತ್ತೆ ಕೇಳಿದರಂತೆ: 'ಅದು ಸೈ, ತಾಸು ಎಷ್ಟು?'