ಹಾರುವ ಓತಿಯೊಡನೆ ಒಂದು ಹಳೆಯ ಜಗಳ

ಎಳವೆಯಲ್ಲಿ ಮೆಚ್ಚಿದ್ದನ್ನು ನಡುವಯಸ್ಸಿನಲ್ಲಿ ಮತ್ತೆ ಕೈಗೆತ್ತಿಕೊಳ್ಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಶಂಕರನಾಗರ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಈಚೆಗೆ ಮತ್ತೊಮ್ಮೆ ನೋಡಿದೆ. ಆಗುಂಬೆಯ ಬೀದಿ, ಬಾಲಕ ಸ್ವಾಮಿ, ಎಲ್ಲವೂ ಹಿಂದಿನಷ್ಟೇ ಸೊಗಸು. ಆದರೆ ನಾನು ನೋಡುತ್ತಿದ್ದುದು ಧಾರಾವಾಹಿಯನ್ನೋ ನನ್ನ ಬಾಲ್ಯವನ್ನೋ ಎಂಬುದು ಕಡೆಯವರೆಗೂ ತಿಳಿಯಲಿಲ್ಲ. ಅಂಥ ಮೆಚ್ಚುಗೆಯಿಂದ ವಿಮರ್ಶೆ ಹುಟ್ಟದು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯ ಸಂಗತಿ ಬೇರೆ. 1980ರಲ್ಲಿ ಪ್ರಕಟವಾದ ಆ ಕೃತಿಯೊಡನೆ ನನಗೊಂದು ಜಗಳವಿತ್ತು. ಅದನ್ನು ತೀರಿಸಿಕೊಳ್ಳಲೆಂದೇ ಮತ್ತೆ ಓದಿದೆ.

ಜಗಳದ ಮೂಲವನ್ನು ಮೊದಲು ಹೇಳಬೇಕು. ನಮ್ಮದು ಸೇಡಂ ಸೀಮೆಯ ಆಡಕಿ. ಹೆಸರು ಕೇಳಿದ ದಕ್ಷಿಣದ ಮಿತ್ರರು ಅಡಕೆಯ ತೋಟಗಳನ್ನು ಕಲ್ಪಿಸಿಕೊಳ್ಳುವುದುಂಟು. ಈ ಸೀಮೆಯಲ್ಲಿರುವುದು ತೊಗರಿಯ ಹೊಲ, ಸುಣ್ಣಗಲ್ಲಿನ ಗಣಿ, ಸಿಮೆಂಟಿನ ಧೂಳು. ಇಂಥ ಬಯಲಿನಲ್ಲಿ ಕುಳಿತು ಓದಿದ ಕಾಲೇಜು ಹುಡುಗನಿಗೆ ಮೂಡಿಗೆರೆಯ ಕಾಡೆಂದರೆ ಬೇರೊಂದು ಲೋಕವೇ. ವಿಜ್ಞಾನಿ ಕರ್ವಾಲೊ, ಹಳ್ಳಿಯ ಮಂದಣ್ಣ, ಕಥೆ ಹೇಳುವ ಕೃಷಿಕ, ಅವನ ನಾಯಿ ಕಿವಿ, ಪ್ಯಾರ, ಎಂಗ್ಟ, ಕರಿಯಪ್ಪ—ಇಷ್ಟು ಜನರ ದಂಡು ಕಟ್ಟಿಕೊಂಡು ಹೊರಟು, ಕೋಟ್ಯಂತರ ವರ್ಷಗಳ ಹಿಂದಿನ ಜೀವಪರಂಪರೆಯ ಕೊಂಡಿಯಂತಿರುವ ಹಾರುವ ಓತಿಯನ್ನು ಕಂಡು, ಹಿಡಿಯಲಾರದೆ, ಅದು ಕಣಿವೆಯ ಕಡೆ ತೇಲಿಹೋಗುವುದನ್ನು ನೋಡುತ್ತ ನಿಂತಾಗ, ಅವರ ಪಕ್ಕದಲ್ಲಿ ನಾನೂ ನಿಂತಿದ್ದೆ.

ಕೆಲವು ವರ್ಷಗಳ ಮೇಲೆ ಮಲೆನಾಡಿನ ಸ್ನೇಹಿತರೊಬ್ಬರ ಮುಂದೆ ಈ ವಿಸ್ಮಯವನ್ನು ತೋಡಿಕೊಂಡೆ. ಅವರು ನಕ್ಕು, "ಅಯ್ಯೋ ಮಾರಾಯ್ರೆ, ಅದು ನಮ್ಮ ಅಡಕೆ ತೋಟದಲ್ಲೇ ಇದೆಯಲ್ಲ!" ಎಂದರು. ಅವರ ಮಾತು ನಿಜ. ಪಶ್ಚಿಮಘಟ್ಟದ ಹಾರುವ ಓತಿಯನ್ನು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞರು 1837ರಷ್ಟು ಹಿಂದೆಯೇ ವರ್ಣಿಸಿ ಹೆಸರಿಟ್ಟಿದ್ದಾರೆ. ಪಕ್ಕೆಲುಬುಗಳ ಆಧಾರದಲ್ಲಿ ಹರಡಿಕೊಳ್ಳುವ ಚರ್ಮದಿಂದ ಅದು ಮರದಿಂದ ಮರಕ್ಕೆ ತೇಲುತ್ತದೆ, ಇರುವೆಗಳನ್ನು ತಿನ್ನುತ್ತದೆ, ಮೊಟ್ಟೆಯಿಡಲು ಹೆಣ್ಣು ನೆಲಕ್ಕಿಳಿಯುತ್ತದೆ. ಅಡಕೆಯ ತೋಟ ಅದಕ್ಕೆ ತೌರುಮನೆಯಿದ್ದಂತೆ. ನಾನು ಮೋಸಹೋದೆನೆಂದುಕೊಂಡೆ. ವಿಜ್ಞಾನದ ಹೆಸರಿನಲ್ಲಿ ಬರೆದ ಕಾದಂಬರಿಯಲ್ಲಿ ವಿಜ್ಞಾನವೇ ಸಡಿಲವಾದರೆ ಉಳಿಯುವುದೇನು?

ಈ ಸಲ 'ಕರ್ವಾಲೊ'ಗೆ ಮುನ್ನ ಕಾನನ್ ಡಾಯ್ಲ್‌ನ 'ದಿ ಲಾಸ್ಟ್ ವರ್ಲ್ಡ್' ಓದಿಕೊಂಡೆ. ಅದು 1912ರ ಕೃತಿ. ಹುಡುಗನಾಗಿದ್ದಾಗ ಅದರ ಹುಚ್ಚೂ ನನಗಿತ್ತು. ಅಲ್ಲಿಯೂ ಒಬ್ಬ ವಿಜ್ಞಾನಿ, ಒಂದು ತಂಡ, ಕಾಲ ಮರೆತುಬಿಟ್ಟ ಒಂದು ಎತ್ತರದ ನೆಲ. ಚಾಲೆಂಜರ್ ಪ್ರೊಫೆಸರರು ಹಾರುವ ಸರೀಸೃಪವೊಂದನ್ನು ಲಂಡನ್ನಿಗೆ ಹೊತ್ತು ತಂದು ತುಂಬಿದ ಸಭೆಯ ಮುಂದೆ ಬಿಡುತ್ತಾರೆ. ಅದು ಕಿಟಕಿಯಿಂದ ಪಾರಾಗುತ್ತದೆ. 1925ರ ಮೂಕಚಿತ್ರಕ್ಕೆ ಅಷ್ಟು ಸಾಲಲಿಲ್ಲ. ಅಲ್ಲಿ ದೈತ್ಯ ಡೈನೋಸಾರೊಂದು ಲಂಡನ್ನಿನ ಬೀದಿಗಿಳಿದು ಸೇತುವೆಯನ್ನೇ ಕುಸಿಯುವಂತೆ ಮಾಡುತ್ತದೆ. ವಿಲಿಸ್ ಓಬ್ರಿಯನ್ನನ ಆ ಗೊಂಬೆಯಾಟ ಇಂದಿಗೂ ನೋಡತಕ್ಕದ್ದೇ. ಆದರೆ ಕಾದಂಬರಿ ಮಾತ್ರ ಈಗ ಗಂಟಲಲ್ಲಿ ಇಳಿಯಲಿಲ್ಲ. ಅಲ್ಲಿ ನೋಡುವ ಕಣ್ಣೆಲ್ಲ ಲಂಡನ್ನಿನವರದು. ದಾರಿಯಲ್ಲಿ ಜೊತೆಗೂಡುವ ಸ್ಥಳೀಯರು ಹೊರೆ ಹೊರುವುದಕ್ಕೆ, ಇಲ್ಲವೇ ದ್ರೋಹ ಬಗೆಯುವುದಕ್ಕೆ.

ಅದರ ಪಕ್ಕದಲ್ಲಿಟ್ಟು ಓದಿದಾಗ ಮಂದಣ್ಣ ಎಂಥ ಸೃಷ್ಟಿಯೆಂಬುದು ಹೊಳೆಯಿತು. ಅವನ ಜೇನು, ಮದುವೆಯ ಚಿಂತೆ, ನೌಕರಿಯ ಹಂಬಲ, ಮೈಮೇಲೆ ಎಳೆದುಕೊಳ್ಳುವ ತಾಪತ್ರಯಗಳು—ಇವೆಲ್ಲ ಓತಿಯ ಬೇಟೆಗೆ ಮುನ್ನ ಬರುವ ಅಡ್ಡಮಾತೆಂದು ಮೊದಲ ಓದಿನಲ್ಲಿ ಪುಟ ಹಾರಿಸಿದ್ದೆ. ಕೃತಿಯ ಜೀವವಿರುವುದು ಅಲ್ಲಿಯೇ. ಊರಿನ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ಕರ್ವಾಲೊ ಅವರ ಕಣ್ಣಿಗೆ ಅಪರೂಪದ ನಿಸರ್ಗವೀಕ್ಷಕ. ಓತಿಯನ್ನು ಮೊದಲು ಕಂಡವನು ಅವನು. ವಿಜ್ಞಾನಿ ಅವನ ಹಿಂದೆ ನಡೆಯುತ್ತಾರೆ. ಓತಿ ಅಡಕೆ ತೋಟದಲ್ಲಿ ದಿನವೂ ಇರುವುದೇ ಆದರೆ, ಅಷ್ಟು ಜನರ ತಲೆಯ ಮೇಲೆಯೇ ತೇಲಿಹೋಗುತ್ತಿದ್ದುದನ್ನು ಒಬ್ಬನು ಮಾತ್ರ ಕಂಡದ್ದು ಇನ್ನೂ ದೊಡ್ಡ ಸೋಜಿಗವಲ್ಲವೇ? ನಮ್ಮ ಆಲಂಕಾರಿಕರು ಅದ್ಭುತರಸಕ್ಕೆ ವಿಸ್ಮಯವನ್ನು ಸ್ಥಾಯಿಯೆಂದರು. ಆ ವಿಸ್ಮಯ ಹುಟ್ಟಲು ವಸ್ತು ದುರ್ಲಭವಾಗಿರಬೇಕೆಂಬ ನಿಯಮವೇನಿಲ್ಲ.

ನಮ್ಮ ತಾಲ್ಲೂಕಿನ ಮಳಖೇಡವೇ ಹಿಂದಿನ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ರಚಿತವಾದ 'ಕವಿರಾಜಮಾರ್ಗ' ಕನ್ನಡ ಜನ ಓದದೆಯೂ ಕಾವ್ಯಪ್ರಯೋಗದಲ್ಲಿ ಪಳಗಿದವರೆಂದು ಹೊಗಳಿತು. ಆ ಹೊಗಳಿಕೆಯನ್ನು ಪ್ರತಿವರ್ಷ ತರಗತಿಯಲ್ಲಿ ವಿವರಿಸುತ್ತೇನೆ. ನಂಬಿದ್ದೆನೋ ಇಲ್ಲವೋ, ಹೇಳಲಾರೆ. ಮೊನ್ನೆ ಶಹಾಬಾದಿನ ಕಡೆಯ ಒಂದು ಪರಸಿ ಕಲ್ಲಿನ ಗಣಿಯಲ್ಲಿ ನಿಂತಿದ್ದಾಗ ವಯಸ್ಸಾದ ಕೆಲಸಗಾರರೊಬ್ಬರು ಬಂಡೆಗೆ ಸುತ್ತಿಗೆಯಿಂದ ಎರಡು ಪೆಟ್ಟು ಹಾಕಿ, ಪದರು ಎಲ್ಲಿ ಬಿಡುವುದೆಂದು ಬೆರಳಿಟ್ಟು ತೋರಿಸಿದರು. ಕಲ್ಲು ಅಲ್ಲಿಯೇ ಬಿಟ್ಟಿತು. ಹೇಗೆ ತಿಳಿಯಿತೆಂದು ಕೇಳಿದೆ. "ಬಡದ್ರ ಗೊತ್ತಾಗ್ತದ್ರಿ ಸರ, ಅದರಾಗೇನದ" ಎಂದು ಮುಂದಿನ ಬಂಡೆಗೆ ಹೋದರು. ಡೈನೋಸಾರುಗಳಿಗಿಂತಲೂ ಹಳೆಯ ಕಲ್ಲು ಅದು. ಇಷ್ಟು ವರ್ಷ ಅದನ್ನು ಮನೆಯ ನೆಲಕ್ಕೆ ಹಾಸಿಕೊಂಡು ಅದರ ಮೇಲೆ ಓಡಾಡಿದ್ದೇನೆ!

ಹಾಗೆಂದು ನನ್ನ ದೂರನ್ನು ಪೂರ್ತಿ ಹಿಂತೆಗೆದುಕೊಳ್ಳುತ್ತಿಲ್ಲ. ತೋಟದ ಜೀವಿಗೆ ಯುಗಯುಗಗಳ ನಿಗೂಢತೆಯ ವೇಷ ತೊಡಿಸಿದ್ದು ಕಾದಂಬರಿಕಾರರು ತಮ್ಮ ಕಾಣ್ಕೆಯನ್ನೇ ಪೂರ್ತಿ ನಂಬದಿದ್ದುದರ ಗುರುತೆಂದು ಈಗಲೂ ನನಗನ್ನಿಸುತ್ತದೆ. ಕೊನೆಯ ಭಾಗದಲ್ಲಿ ಕಾಲ, ವಿಕಾಸ ಎಂದು ಕರ್ವಾಲೊ ಮಾತಿಗಿಳಿದಾಗ ಉಪನ್ಯಾಸದ ವಾಸನೆ ಬರುತ್ತದೆ. ಅದೇ ಕಸುಬಿನವನಾದ ನನಗೆ ಆ ವಾಸನೆ ಬೇಗ ತಿಳಿಯುತ್ತದೆ. ರಾಮಿಗೆ ಇನ್ನಷ್ಟು ಮಾತು ಕೊಡಬಹುದಿತ್ತು. ಆದರೂ ಕೃತಿಯೊಳಗಿನ ವಿಜ್ಞಾನ ಎಷ್ಟೇ ಸಡಿಲವಾಗಿರಲಿ, ಅರಿವು ಯಾರ ಬಳಿಯಿರುತ್ತದೆಂಬ ವಿಷಯದಲ್ಲಿ ಅದು ಆಡುವ ಮಾತು ಗಟ್ಟಿ. ಡಾಯ್ಲ್‌ನಿಗೆ ಅದು ಹೊಳೆಯಲೇ ಇಲ್ಲ.

ಈ ವರ್ಷ ಪಾಠ ಹೇಳುವಾಗ ಮಂದಣ್ಣನ ಮದುವೆಯಿಂದಲೇ ತೊಡಗಬೇಕೆಂದಿದ್ದೇನೆ. ಓತಿಯ ವಿಷಯವನ್ನು ಹುಡುಗರೇ ಕೇಳಲಿ.