ಉಗುರು ತಾಗದ ನೀರು

ಜನಪದ ಕತೆಯನ್ನು ಮಕ್ಕಳ ಪುಸ್ತಕ ಮಾಡಹೊರಟ ಗೆಳೆಯರೇ, ಮೊದಲು ಕೊಡ ಬರೆಯಿರಿ, ರಾಜಕುಮಾರ ಆಮೇಲೆ ಬರಲಿ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಹೂಮರವಾಗುವ ಹುಡುಗಿಯ ಕತೆ ನೋಡಿ. ತಾಯಿ ಕೂಲಿಯವಳು. ಒಂದು ಕೊಡ ನೀರು ಸುರಿದರೆ ಮಗಳು ಮರ, ಇನ್ನೊಂದು ಸುರಿದರೆ ಮತ್ತೆ ಮನುಷ್ಯಳು. ಆದರೆ ನೀರಿಗೆ ಉಗುರು ತಾಗಬಾರದು! ಚಿತ್ರ ಬರೆಯುವವ ಇಲ್ಲಿ ಹೂವಷ್ಟೇ ನೋಡ್ತಾನೆ. ಹುಡುಗಿಗೆ ಹಾಲಿನ ಬಣ್ಣ, ಅವ್ವಗೆ ಜರಿಸೀರೆ. ಆ ಎರಡು ಕೊಡ ನೀರು ಯಾವ ಬಾವೀದು? ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕೇರಿಯ ಕೂಸು ಕೇಳದೆ ಬಿಡೂದಿಲ್ಲ. ಕತೆಯೊಳಗೆ ಉಗುರು ತಾಗಬಾರದು. ಊರ ಬಾವಿಗೆ ನಮ್ಮ ಕೊಡವೇ ತಾಗಬಾರದಿತ್ತು.

ಮುಂದೆ ಅರಮನೆ ಹುಡುಗಿಯರು ಕೊಂಬೆ ಮುರಿದು, ಅವಳನ್ನು ಕೈಕಾಲಿಲ್ಲದ ಮುದ್ದೆಯಾಗಿ ಬಿಟ್ಟುಹೋಗ್ತಾರೆ. ಮಕ್ಕಳು ಅಂಜತಾವ ಅಂತ ಇದನ್ನು ತೆಗೆದರೆ ಕತೆಯೇ ಸತ್ತಿತು. ಉಳ್ಳವರ ಆಟಕ್ಕೆ ಬಡವಿಯ ಮೈ ಮುರಿದದ್ದು ನಮ್ಮ ಕೂಸುಗಳಿಗೇನು ಹೊಸ ಸುದ್ದಿಯೇ?

ಆಗ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ತಂದಾಗ ಹೆಂಗಸರ ಬಾಯಿಮಾತು ಅಚ್ಚಿಗೆ ಬಂತು. ದೊಡ್ಡ ಕೆಲಸವೇ. ಆದರೂ 'ಗರತಿ' ಅನ್ನೋ ಹೆಸರಿನೊಳಗೆ ಕೂಲಿಯವಳು ಎಲ್ಲಿ ನಿಂತಳು?

2011ರ 'ಭೀಮಾಯನ'ದಲ್ಲಿ ಅಂಬೇಡ್ಕರರ ಬಾಯಾರಿಕೆಯನ್ನು ಬರೆದವರು ಗೊಂಡ ಕಲಾವಿದರು, ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್. ಚಿತ್ರವನ್ನು ಚೌಕದಲ್ಲಿ ಕೂಡಿಹಾಕಲು ಅವರು ಒಪ್ಪಲಿಲ್ಲ. ಜಾತಿಯ ಮಾತಿಗೆ ಚೇಳಿನ ಕೊಂಡಿ ಇಟ್ಟರು. ಓದು ಬಾರದ ಕೂಸಿಗೂ ಅದು ಚುಚ್ಚುತ್ತದೆ.

ನಮ್ಮಲ್ಲೂ ಸುಣ್ಣ, ಕೆಮ್ಮಣ್ಣಿನಲ್ಲಿ ಗೋಡೆಗೆ ಚಿತ್ತಾರ ಬರೆಯುವ ಕೈಗಳಿವೆ. ಅವರನ್ನು ಕರೆಯಿರಿ, ಕೂಲಿ ಕೊಡಿರಿ. ಕತೆ ಹೇಳಿದ ಮುದುಕಿಯ ಹೆಸರು ಮುಖಪುಟದ ಮೇಲೇ ಬರಲಿ, ಸಂಗ್ರಹಿಸಿದವರದು ಕೆಳಗೆ.